ಊಟದ ಜೊತೆಗೇ ಮಾತ್ರೆ ಯಾಕೆ? ಮೇದೋಜೀರಕದ ಕ್ಯಾನ್ಸರ್ ಮತ್ತು ಮನೆಯವರ ಕೆಲಸ

ದಾವಣಗೆರೆ, ಚಿತ್ರದುರ್ಗದ ಕಡೆ ಯಾರದಾದರೂ ಕಣ್ಣು ಹಳದಿಯಾದರೆ ಆಸ್ಪತ್ರೆಗಿಂತ ಮೊದಲು ನಾಟಿ ಔಷಧಿಯ ಮಾತು ಬರುತ್ತದೆ. ಇಂಥ ಊರಲ್ಲಿ ಬೇರು ಕೊಡ್ತಾರೆ, ಇಂಥವರು ಸೊಪ್ಪಿನ ರಸ ಕೊಡ್ತಾರೆ, ಎಣ್ಣೆ-ಖಾರ ಬಿಟ್ಟು ಪಥ್ಯ ಮಾಡಿದರೆ ಕಾಮಾಲೆ ಇಳಿಯುತ್ತೆ ಅಂತ. ಹಲವರಿಗೆ ಇಳಿದಿರುವುದೂ ನಿಜ. ಕೆಟ್ಟ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸೋಂಕಿನ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಹೆಸರು ಬೇರಿಗೆ ಬರುತ್ತದೆ.

ತಾನಾಗಿ ಹೋಗದ ಇನ್ನೊಂದು ಕಾಮಾಲೆ ಇದೆ. ಪಿತ್ತರಸ ಹರಿಯುವ ದಾರಿ ಕಟ್ಟಿಕೊಂಡಾಗ ಬರುವುದು ಅದು. ಹೆಚ್ಚಾಗಿ ನೋವಿರುವುದಿಲ್ಲ. ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಮೈಯೆಲ್ಲಾ ತುರಿಕೆ. ಜೊತೆಗೆ ತೂಕ ಇಳಿದಿದ್ದರೆ, ಅದರಲ್ಲೂ 50 ದಾಟಿದವರಿಗೆ ಮನೆಯಲ್ಲಿ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿದ್ದರೆ, ಪಥ್ಯದಲ್ಲಿ ಒಂದು ವಾರವನ್ನೂ ಕಳೆಯಬಾರದು. ಮೊದಲು ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಕಾರಣ ಪಿತ್ತದ ಕಲ್ಲೂ ಇರಬಹುದು. ಮೇದೋಜೀರಕದ (ಪ್ಯಾಂಕ್ರಿಯಾಸ್) ಗಡ್ಡೆಯೂ ಇರಬಹುದು.

ಮೇದೋಜೀರಕದ ಕ್ಯಾನ್ಸರ್ ಬಂದ ಮನೆಗಳಲ್ಲಿ ನಾನು ಕಂಡದ್ದು ಒಂದೇ. ಪ್ರೀತಿಗೆ ಕೊರತೆ ಇರುವುದಿಲ್ಲ. ಏನು ಮಾಡಬೇಕು, ಅದನ್ನು ಯಾಕೆ ಮಾಡಬೇಕು ಅನ್ನುವುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಡಾಕ್ಟರು ಹತ್ತು ನಿಮಿಷದಲ್ಲಿ ಹೇಳಿದ್ದು ಬಸ್ಸು ಹತ್ತುವಷ್ಟರಲ್ಲಿ ಮರೆತಿರುತ್ತದೆ. ಆದರೆ ಈ ಗ್ರಂಥಿ ಏನು ಕೆಲಸ ಮಾಡುತ್ತದೆ ಅಂತ ಒಮ್ಮೆ ಅರ್ಥವಾದರೆ, ಊಟ, ಮಾತ್ರೆ, ಜ್ವರ, ನೋವು ಎಲ್ಲದರಲ್ಲೂ ಮುಂದೇನು ಅನ್ನುವುದು ತಾನೇ ಹೊಳೆಯುತ್ತದೆ.

ಅಷ್ಟು ಸಣ್ಣ ಗ್ರಂಥಿ, ಎರಡು ದೊಡ್ಡ ಕೆಲಸ

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿದೆ. ಉದ್ದ ಸುಮಾರು 15 ಸೆಂಟಿಮೀಟರ್. ಬಲಗಡೆಯ ದಪ್ಪ ಭಾಗ ತಲೆ, ನಡುವಿನದು ಮೈ, ಎಡಕ್ಕೆ ಚೂಪಾಗುವುದು ಬಾಲ. ತಿಂದದ್ದನ್ನು, ಮುಖ್ಯವಾಗಿ ಕೊಬ್ಬನ್ನು, ಅರಗಿಸುವ ರಸವನ್ನು ಅದು ಸಣ್ಣಕರುಳಿಗೆ ಬಿಡುತ್ತದೆ. ಇದು ಒಂದು ಕೆಲಸ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಅನ್ನು ರಕ್ತಕ್ಕೆ ಬಿಡುವುದು ಇನ್ನೊಂದು.

ಲಿವರಿನಿಂದ ಬರುವ ಪಿತ್ತನಾಳ ಈ ಗ್ರಂಥಿಯ ತಲೆಯನ್ನು ಹಾದು ಕರುಳಿಗೆ ಸೇರುತ್ತದೆ. ಅರ್ಧಕ್ಕಿಂತ ಜಾಸ್ತಿ ಗಡ್ಡೆಗಳು ಹುಟ್ಟುವುದೂ ತಲೆಯಲ್ಲೇ. ಭದ್ರಾ ನಾಲೆಯ ತೂಬಿಗೆ ಕಸ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ನಿಲ್ಲುತ್ತದಲ್ವಾ, ಹಾಗೆ ಪಿತ್ತರಸ ಲಿವರಿಗೆ ಹಿಂದಿರುಗಿ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿಯಾಗುವುದು ಹೀಗೆ. ಮೈ ಅಥವಾ ಬಾಲದಲ್ಲಿ ಗಡ್ಡೆ ಇದ್ದರೆ ಈ ಎಚ್ಚರಿಕೆಯೂ ಸಿಗುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಮಂದ ನೋವು, ಅದು ಬೆನ್ನಿಗೆ ಹರಿಯುವುದು, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರವಾಗುವುದು, ಇಷ್ಟೇ. ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ ಮೇಲೆ ಸ್ಕ್ಯಾನ್ ಮಾಡಿಸಿದವರು ಬಹಳ ಜನ. ಮನೆಯವರು ‘ಮೊದಲೇ ತೋರಿಸಬೇಕಿತ್ತು’ ಅಂತ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ದಯವಿಟ್ಟು ಅದನ್ನು ಬಿಡಿ. ಈ ಗಡ್ಡೆ ಇರುವ ಜಾಗವೇ ಅಂಥದ್ದು. ಎಲ್ಲರಿಗೂ ಮೊದಲೇ ಮಾಡಿ ಪತ್ತೆ ಹಚ್ಚಬಹುದಾದ ತಪಾಸಣೆ ಇದಕ್ಕೆ ಇನ್ನೂ ಇಲ್ಲ.

ಸ್ಕ್ಯಾನಿಂಗ್‌ನಲ್ಲಿ ಅನುಮಾನ ಬಂದರೆ ಬಣ್ಣದ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಗಡ್ಡೆ ಅಕ್ಕಪಕ್ಕದ ದೊಡ್ಡ ರಕ್ತನಾಳಗಳನ್ನು ಮುಟ್ಟಿದೆಯಾ, ಸುತ್ತಿಕೊಂಡಿದೆಯಾ, ಲಿವರಿಗೆ ಹರಡಿದೆಯಾ ಅಂತ ನೋಡುವುದಕ್ಕೆ. ಚಿಕಿತ್ಸೆಯ ದಾರಿಯೆಲ್ಲಾ ನಿಂತಿರುವುದು ಇದರ ಮೇಲೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಒಳಗಿನಿಂದಲೇ ಸ್ಕ್ಯಾನ್ ಮಾಡುತ್ತಾ ಸೂಜಿಯಲ್ಲಿ ಚೂರು ತೆಗೆಯುವುದು ಬಯಾಪ್ಸಿ. ‘ಸೂಜಿ ತಾಗಿದರೆ ಹರಡುತ್ತೆ’ ಅನ್ನುವ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಬಯಾಪ್ಸಿ ಇಲ್ಲದೆ ಕೀಮೋ ಶುರು ಮಾಡುವಂತಿಲ್ಲ, ಯಾಕೆಂದರೆ ಯಾವ ಜಾತಿಯ ಗಡ್ಡೆ ಅಂತ ಗೊತ್ತಾಗಬೇಕು. ಹತ್ತರಲ್ಲಿ ಸುಮಾರು ಒಂಬತ್ತು ಅಡಿನೋಕಾರ್ಸಿನೋಮಾ, ಅಂದರೆ ಅರಗಿಸುವ ರಸದ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್. ಉಳಿದವುಗಳಲ್ಲಿ, ಇನ್ಸುಲಿನ್‌ನಂಥ ಹಾರ್ಮೋನು ಬಿಡುವ ಭಾಗದಲ್ಲಿ ಹುಟ್ಟುವ ನ್ಯೂರೋಎಂಡೋಕ್ರೈನ್ ಅನ್ನುವ ಗಡ್ಡೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾಗಿದ್ದು ಈ ಎರಡನೆಯದು, ಅವರು 2011ರವರೆಗೆ ಬದುಕಿದ್ದರು. ಅವರ ಕಥೆಯನ್ನು ಎಲ್ಲರಿಗೂ ಹೊಂದಿಸಬಾರದು.

ಈ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಸಿಎ 19-9 ಅನ್ನುವ ವಸ್ತು ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಒಂದು ಪರೀಕ್ಷೆ ಇದೆ. 37ರ ಕೆಳಗಿದ್ದರೆ ನಾರ್ಮಲ್ ಅಂತ ರಿಪೋರ್ಟಿನಲ್ಲಿ ಬರೆದಿರುತ್ತದೆ. ಈ ಸಂಖ್ಯೆಯನ್ನು ಹಿಡಿದುಕೊಂಡು ಮನೆಯಲ್ಲಿ ಗಾಬರಿಯಾಗುವುದು ಬೇಡ. ಬರೀ ಕಾಮಾಲೆಯಿಂದಲೂ ಅದು ಏರುತ್ತದೆ. ಕೆಲವರ ದೇಹ ಅದನ್ನು ತಯಾರಿಸುವುದೇ ಇಲ್ಲ. ಚಿಕಿತ್ಸೆ ಕೆಲಸ ಮಾಡುತ್ತಿದೆಯಾ ಅಂತ ಸ್ಕ್ಯಾನಿನ ಜೊತೆಗಿಟ್ಟು ನೋಡಲು ಅದು ಉಪಯೋಗ.

ಆಪರೇಷನ್, ಕೀಮೋ

ಗಡ್ಡೆಯನ್ನು ಪೂರ್ತಿ ತೆಗೆಯಲು ಆಗುವುದು ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಜನರಿಗೆ. ತಲೆಯ ಗಡ್ಡೆಗೆ ಮಾಡುವ ಆಪರೇಷನ್ನಿಗೆ ವಿಪಲ್ ಅನ್ನುತ್ತಾರೆ. 1935ರಲ್ಲಿ ಇದರ ವರದಿ ಪ್ರಕಟಿಸಿದ ಅಮೆರಿಕದ ಸರ್ಜನ್ ಅಲನ್ ವಿಪಲ್ ಅವರ ಹೆಸರು. ಗ್ರಂಥಿಯ ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುಂಡು ತೆಗೆದು, ಉಳಿದದ್ದನ್ನು ಮತ್ತೆ ಕರುಳಿಗೆ ಹೊಲಿಯುತ್ತಾರೆ. ಬಹಳ ದೊಡ್ಡ ಆಪರೇಷನ್. ಇದನ್ನು ಪದೇ ಪದೇ ಮಾಡುವ ಆಸ್ಪತ್ರೆಗಳಲ್ಲಿ ಅಪಾಯ ಕಡಿಮೆ ಅನ್ನುವುದು ಜಗತ್ತಿನ ಹಲವು ದೇಶಗಳಲ್ಲಿ ಕಂಡಿದೆ. ಅದಕ್ಕೇ ‘ನೀವು ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡ್ತೀರಿ ಸರ್?’ ಅಂತ ಕೇಳುವುದು ಧಿಮಾಕಲ್ಲ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಮೊದಲ ತಪಾಸಣೆ, ರಕ್ತ ಪರೀಕ್ಷೆ, ರಾತ್ರಿ ಹೊತ್ತಿನ ತುರ್ತಿಗೆ ಇವೇ ಹತ್ತಿರ. ದೊಡ್ಡ ಆಪರೇಷನ್ನಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಹೋಗುವವರು ಹೆಚ್ಚು. ಹೋದಲ್ಲಿ ಒಂದು ಮಾತು ಕೇಳಿ: ‘ಚಿಕಿತ್ಸೆಯ ಪ್ಲಾನ್ ನೀವು ಬರೆದುಕೊಟ್ಟರೆ ಕೀಮೋ ನಮ್ಮೂರಲ್ಲೇ ಹಾಕಿಸಬಹುದಾ?’ ಸುಸ್ತಾದ ದೇಹವನ್ನು ಎರಡು ವಾರಕ್ಕೊಮ್ಮೆ 250 ಕಿಲೋಮೀಟರಿಗಿಂತ ದೂರ ಎಳೆದೊಯ್ಯುವುದು ತಪ್ಪಿದರೆ ಅದೇ ಒಂದು ದೊಡ್ಡ ಉಪಕಾರ.

ಆಪರೇಷನ್ ಆಗಲಿ ಆಗದಿರಲಿ, ಕೀಮೋ ಬಹುತೇಕ ಎಲ್ಲರಿಗೂ ಬರುತ್ತದೆ. ಹೆಚ್ಚಾಗಿ ಕೇಳಿಬರುವ ಹೆಸರು ಎರಡು. ಫೋಲ್ಫಿರಿನಾಕ್ಸ್ ಅಂದರೆ ನಾಲ್ಕು ಔಷಧಿಗಳ ಜೋಡಣೆ, ಎರಡು ವಾರಕ್ಕೊಮ್ಮೆ. ಅದರಲ್ಲೊಂದು ಔಷಧಿ ಸಣ್ಣ ಪಂಪಿನ ಮೂಲಕ ಸುಮಾರು ಎರಡು ದಿನ ಹನಿಯುತ್ತಲೇ ಇರುತ್ತದೆ. ಇನ್ನೊಂದು ಜೆಮ್ಸಿಟಾಬಿನ್, ಹಲವರಿಗೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಜೊತೆಗೆ. ವಾರಕ್ಕೊಂದರಂತೆ ಮೂರು ವಾರ, ನಾಲ್ಕನೇ ವಾರ ಬಿಡುವು. ಮೊದಲನೆಯದು ಗಟ್ಟಿ, ಹಾಗೇ ತೊಂದರೆಯೂ ಜಾಸ್ತಿ. ಎದ್ದು ಓಡಾಡುವ ಶಕ್ತಿ ಇರುವವರಿಗೆ ಮಾತ್ರ ಅದನ್ನು ಆರಿಸುತ್ತಾರೆ.

ಫೋಲ್ಫಿರಿನಾಕ್ಸ್‌ನಲ್ಲಿರುವ ಆಕ್ಸಾಲಿಪ್ಲಾಟಿನ್ ಹಾಕಿದ ಮೇಲೆ ಕೆಲವು ದಿನ ತಣ್ಣನೆಯದು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ತಣ್ಣೀರು ಕುಡಿದರೆ ಗಂಟಲು ಬಿಗಿದಂತಾಗುತ್ತದೆ. ಮಡಕೆ ನೀರೂ ಆಗ ಬೇಡ, ಉಗುರುಬೆಚ್ಚಗೆ ಕೊಡಿ. ಬೆಳಗಿನ ಚಳಿಯಲ್ಲಿ ಸ್ಟೀಲ್ ಚೊಂಬು ಅವರ ಕೈಗೆ ಕೊಡಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ಕೀಮೋ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಸಾಮಾನ್ಯವಾಗಿ ಒಂದು ವಾರದಿಂದ ಎರಡು ವಾರದ ನಡುವೆ ಅವು ಕೆಳಗಿರುತ್ತವೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ದಾಟಿದರೆ ‘ಒಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆ ನೋಡೋಣ’ ಅನ್ನಬೇಡಿ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಆಗಲೇ ಆಸ್ಪತ್ರೆಗೆ ಹೊರಡಬೇಕು, ಹೋದ ತಕ್ಷಣ ‘ಕೀಮೋ ನಡೀತಿದೆ’ ಅಂತ ಹೇಳಬೇಕು. ಜಗಳೂರು, ಹೊಸದುರ್ಗ, ಮೊಳಕಾಲ್ಮೂರಿನ ಹಳ್ಳಿಗಳಲ್ಲಿರುವವರು ರಾತ್ರಿ ಎರಡು ಗಂಟೆಗೆ ಯಾರ ಗಾಡಿ ಅಂತ ಕೀಮೋ ಶುರುವಾಗುವ ಮೊದಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಕಟ್ಟಿಕೊಂಡ ಪಿತ್ತನಾಳ ತೆರೆದಿರಲೆಂದು ಅದಕ್ಕೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿದ್ದರೆ ನಡುಕದ ಜೊತೆ ಜ್ವರ, ಕಣ್ಣು ಮತ್ತೆ ಹಳದಿ ಆಗುವುದು ಸ್ಟೆಂಟ್ ಕಟ್ಟಿಕೊಂಡ ಲಕ್ಷಣ. ಅದೂ ಅಷ್ಟೇ ತುರ್ತು. ಈ ಕ್ಯಾನ್ಸರಿನಲ್ಲಿ ರಕ್ತ ಹೆಪ್ಪುಗಟ್ಟುವುದು ಬೇರೆ ಹಲವು ಕ್ಯಾನ್ಸರುಗಳಿಗಿಂತ ಜಾಸ್ತಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡಬೇಡಿ.

ತಟ್ಟೆಯ ಮುಂದೆ

ಇನ್ನು ಊಟ. ಮನೆಯವರ ಕೈಯಲ್ಲಿ ನಿಜವಾಗಿ ಇರುವುದು ಇದೇ, ಅತಿ ಹೆಚ್ಚು ಗೊಂದಲ ಇರುವುದೂ ಇಲ್ಲೇ.

ಕಾಮಾಲೆಯ ಪಥ್ಯ ನೆನಪಿನಲ್ಲಿದ್ದವರು ಎಣ್ಣೆ, ತುಪ್ಪ, ಹಾಲು ನಿಲ್ಲಿಸಿ ಬರೀ ಗಂಜಿ ಕೊಡುತ್ತಾರೆ. ರೋಗಿ ಕಣ್ಣೆದುರೇ ಕರಗುತ್ತಾರೆ. ಎಲ್ಲಾ ಕ್ಯಾನ್ಸರಿನಿಂದಲೇ ಅಂದುಕೊಳ್ಳುತ್ತಾರೆ. ಅದರಲ್ಲಿ ಒಂದು ಪಾಲು, ತಿಂದದ್ದು ಅರಗದೆ ಹೊರಗೆ ಹೋಗುತ್ತಿರುವುದರಿಂದ. ಗ್ರಂಥಿಯ ರಸ ಕರುಳಿಗೆ ಬರುತ್ತಿಲ್ಲ, ಹಾಗಾಗಿ ಕೊಬ್ಬು ಮೈಗೆ ಹತ್ತುತ್ತಿಲ್ಲ. ಮಲ ಜಿಡ್ಡಾಗಿ, ತೇಲುತ್ತಾ, ಎಷ್ಟು ನೀರು ಹಾಕಿದರೂ ಅಂಟಿಕೊಳ್ಳುತ್ತಿದ್ದರೆ, ವಿಪರೀತ ವಾಸನೆ ಇದ್ದರೆ, ಊಟವಾದ ಕೂಡಲೇ ಹೊಟ್ಟೆ ಉಬ್ಬರಿಸಿದರೆ ಇದೇ ಕಾರಣ ಇರಬಹುದು. ಹೇಳಿಕೊಳ್ಳಲು ರೋಗಿಗೆ ಸಂಕೋಚ. ಮನೆಯವರೇ ಮೆಲ್ಲಗೆ ಕೇಳಿ ಡಾಕ್ಟರಿಗೆ ಹೇಳಬೇಕು.

ಇದಕ್ಕೆ ಮದ್ದು ಇದೆ. ಪ್ಯಾಂಕ್ರಿಯಾಟಿನ್ ಅನ್ನುವ ಕ್ಯಾಪ್ಸೂಲ್. ಗ್ರಂಥಿ ಬಿಡಬೇಕಾದ ರಸವನ್ನು ಹೊರಗಿನಿಂದ ಕೊಡುವುದು ಅಷ್ಟೇ. ನಮ್ಮಲ್ಲಿ ಮಾತ್ರೆ ಅಂದರೆ ಊಟಕ್ಕೆ ಮುಂಚೆ ಅಥವಾ ಊಟ ಆದ ಮೇಲೆ. ಇದು ಎರಡೂ ಅಲ್ಲ. ಊಟದ ಜೊತೆಗೇ, ಮೊದಲ ತುತ್ತಿಗೆ. ಅನ್ನ ಕರುಳಿಗೆ ಇಳಿಯುವಾಗ ಔಷಧಿಯೂ ಅದರ ಜೊತೆ ಇಳಿದರೆ ಮಾತ್ರ ಕೆಲಸ. ಊಟ ಮುಗಿದು ಅರ್ಧ ಗಂಟೆ ಬಿಟ್ಟು ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ನಿಧಾನವಾಗಿ ಊಟ ಮಾಡುವವರು ಒಂದನ್ನು ಶುರುವಿಗೆ, ಇನ್ನೊಂದನ್ನು ನಡುವೆ ತೆಗೆದುಕೊಳ್ಳಬಹುದು. ಅಗಿಯಬಾರದು, ಪುಡಿ ಮಾಡಬಾರದು, ಬಿಸಿ ಕಾಫಿಯ ಜೊತೆ ನುಂಗಬಾರದು, ಬಿಸಿಗೆ ಅದು ಕೆಡುತ್ತದೆ. ನಮ್ಮ ಬೇಸಿಗೆಯಲ್ಲಿ ಡಬ್ಬಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಒಂದು ಲೋಟ ಹಾಲಿಗೂ ಬೇಕು, ಬರೀ ಹಣ್ಣಿಗೆ ಸಾಮಾನ್ಯವಾಗಿ ಬೇಡ. ದೊಡ್ಡ ಊಟಕ್ಕೆ 25,000ದಿಂದ 50,000 ಯೂನಿಟ್‌ನಲ್ಲಿ ಶುರು ಮಾಡುವುದು ವಾಡಿಕೆ. ಸಾಲದಿದ್ದರೆ ಡಾಕ್ಟರು ಏರಿಸುತ್ತಾರೆ. ಯಾರೂ ಬರೆದುಕೊಟ್ಟಿಲ್ಲ ಅಂದರೆ ನೀವೇ ಕೇಳಿ. ಕೀಮೋ ಗಡಿಬಿಡಿಯಲ್ಲಿ ಇದು ಬಿಟ್ಟುಹೋಗುವುದು ಉಂಟು.

ಒಂದು ವಿಷಯ ಮುಚ್ಚಿಡಬಾರದು. ಈ ಕ್ಯಾಪ್ಸೂಲಿನ ಒಳಗಿನ ಔಷಧಿ ಹಂದಿಯ ಮೇದೋಜೀರಕದಿಂದ ತಯಾರಾಗುತ್ತದೆ. ನಮ್ಮ ಕಡೆ ಮಾಂಸ ಮುಟ್ಟದ ಮನೆಗಳು ಬಹಳ, ಮುಸ್ಲಿಂ ಮನೆಗಳೂ ಇವೆ. ನಿಮ್ಮ ಮನೆಗೆ ಇದು ದೊಡ್ಡ ವಿಷಯವಾದರೆ ಡಾಕ್ಟರ ಹತ್ತಿರ ಬಿಚ್ಚಿ ಮಾತಾಡಿ, ಬೇಕಿದ್ದರೆ ನೀವು ನಂಬುವ ಹಿರಿಯರ ಹತ್ತಿರವೂ. ಆದರೆ ತೀರ್ಮಾನ ರೋಗಿಯದ್ದಾಗಿರಲಿ. ಅವರಿಗೆ ಹೇಳದೆ ಕೊಡುವುದೂ ತಪ್ಪು, ಅವರನ್ನು ಕೇಳದೆ ನಿಲ್ಲಿಸುವುದೂ ತಪ್ಪು.

ಕ್ಯಾಪ್ಸೂಲ್ ಸರಿಯಾದ ಮೇಲೆ ಜಿಡ್ಡನ್ನು ಬಿಡಿಸುವ ಕಾರಣವಿಲ್ಲ. ಮುದ್ದೆಗೆ ತುಪ್ಪ, ರೊಟ್ಟಿಗೆ ಶೇಂಗಾ ಚಟ್ನಿಪುಡಿ ಮತ್ತು ಗಟ್ಟಿ ಮೊಸರು, ಬೇಯಿಸಿದ ಮೊಟ್ಟೆ, ಹೆಸರುಬೇಳೆ ಪಾಯಸ. ಆಸೆಪಟ್ಟರೆ ಅರ್ಧ ಬೆಣ್ಣೆದೋಸೆಯೂ ಆಗಲಿ, ಮನೆಯಲ್ಲಿ ಬಿಸಿಯಾಗಿ ಮಾಡಿದ್ದಾದರೆ ಒಳ್ಳೆಯದು. ಮೂರು ಹೊತ್ತಿನ ತುಂಬು ತಟ್ಟೆಗಿಂತ ಆರು ಸಲ ಸ್ವಲ್ಪ ಸ್ವಲ್ಪ ಸೇರುತ್ತದೆ. ಬಾಯಿ ಹುಣ್ಣಾದ ದಿನ ಮಿರ್ಚಿ-ಮಂಡಕ್ಕಿ ನೆನೆಯುವುದೂ ಬೇಡ, ಆಗ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯೇ ಗತಿ. ‘ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತೆ’ ಅಂತ ಸಿಹಿಯನ್ನು ಪೂರ್ತಿ ನಿಲ್ಲಿಸುವವರಿದ್ದಾರೆ. ಊಟ ಕಡಿಮೆ ಮಾಡಿದರೆ ಗಡ್ಡೆಗಿಂತ ಮೊದಲು ಸೊರಗುವುದು ಮನುಷ್ಯ. ಸಕ್ಕರೆ ಕಾಯಿಲೆ ಬಂದಿದ್ದರೆ ಊಟ ಕಡಿಮೆ ಮಾಡುವ ಬದಲು ಇನ್ಸುಲಿನ್ ಸರಿಮಾಡಿಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟ ದಿನ ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ನೀರು ಕೊಡಿ.

ಇಷ್ಟೆಲ್ಲಾ ಮಾಡಿದರೂ ಅವರು ಎರಡು ತುತ್ತಿಗೆ ಕೈ ತೊಳೆಯುವ ದಿನಗಳು ಬರುತ್ತವೆ. ಹೆಂಡತಿ ಅಳುತ್ತಾಳೆ, ಮಗ ರೇಗುತ್ತಾನೆ, ‘ಇನ್ನೊಂದೇ ತುತ್ತು’ ಅಂತ ಬಲವಂತ ನಡೆಯುತ್ತದೆ. ಇದನ್ನು ನೋಡಿದಾಗ ನನಗೆ ಎರಡೂ ಕಡೆಯವರ ಮೇಲೆ ಕರುಳು ಕಿತ್ತು ಬರುತ್ತದೆ. ಹಸಿವನ್ನೇ ಕೊಲ್ಲುವ ರಾಸಾಯನಿಕಗಳನ್ನು ಈ ಕಾಯಿಲೆ ಮೈಯಲ್ಲಿ ಬಿಡುತ್ತದೆ. ಅವರು ಹಟ ಮಾಡುತ್ತಿಲ್ಲ, ಸೋತು ಕೈಬಿಟ್ಟಿಲ್ಲ, ನಿಮ್ಮ ಅಡುಗೆಯೂ ಕೆಟ್ಟಿಲ್ಲ. ತಟ್ಟೆಯನ್ನು ಹತ್ತಿರ ಇಟ್ಟು ಬೇರೆ ಮಾತಾಡಿ. ಒಂದು ಗಂಟೆ ಬಿಟ್ಟು ಮತ್ತೆ ಕೇಳಿ.

ನೋವನ್ನು ತಡೆದುಕೊಳ್ಳಬೇಕಾಗಿಲ್ಲ

ಗ್ರಂಥಿಯ ಹಿಂದೆಯೇ ನರಗಳ ದೊಡ್ಡ ಗಂಟು ಇದೆ. ಗಡ್ಡೆ ಅದನ್ನು ಒತ್ತಿದಾಗ ಬರುವ ಬೆನ್ನುನೋವಿಗೆ ಸಾಮಾನ್ಯ ಮಾತ್ರೆ ಸಾಲುವುದಿಲ್ಲ. ಮಾರ್ಫಿನ್ ಬೇಕಾಗಬಹುದು. ‘ಮಾರ್ಫಿನ್ ಅಂದರೆ ಕೊನೆ’ ಅಂತ ಮನೆಯವರು ಹೆದರುತ್ತಾರೆ, ಚಟ ಹತ್ತುತ್ತೆ ಅಂತಲೂ. ನೋವಿಗೆ ಡಾಕ್ಟರು ಅಳೆದು ಕೊಡುವ ಮಾರ್ಫಿನ್ನಿನಿಂದ ಹಾಗೆ ಚಟ ಹತ್ತುವುದು ಅಪರೂಪ. ಅದನ್ನು ತೆಗೆದುಕೊಂಡು ನಿದ್ದೆ ಮಾಡಿ, ಎದ್ದು ಊಟ ಮಾಡಿ, ಕೀಮೋಗೆ ಹೋಗಿ ಬರುವವರು ಎಷ್ಟೋ ಜನ. ನೋವು ಬಂದಾಗ ಮಾತ್ರ ಅಲ್ಲ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಖಂಡಿತಾ ಆಗುತ್ತದೆ, ಅದಕ್ಕೆ ಮದ್ದು ಮೊದಲ ದಿನದಿಂದಲೇ ಇರಲಿ. 2014ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಆದರೂ ಎಲ್ಲಾ ಕಡೆ ಸಿಗುವುದಿಲ್ಲ, ಹಾಗಾಗಿ ಮುಗಿಯುವ ಮೊದಲೇ ತಂದಿಡಿ. ಆ ನರದ ಗಂಟಿಗೇ ಸೂಜಿ ಹಾಕಿ ನೋವು ತಗ್ಗಿಸುವ ದಾರಿಯೂ ಇದೆ, ಕೇಳಿ ನೋಡಿ.

ಹೇಳಬೇಕಾ, ಬೇಡವಾ?

‘ಅಪ್ಪನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ.’ ಬಾಗಿಲ ಹೊರಗೆ ನಿಂತು ಮಕ್ಕಳು ಹೀಗೆ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ಅಪ್ಪನಿಗೆ ಆಗಲೇ ಅನುಮಾನ ಬಂದಿರುತ್ತದೆ. ಕ್ಯಾನ್ಸರ್ ಆಸ್ಪತ್ರೆಯ ಬೋರ್ಡು ಅವರಿಗೂ ಕಾಣುತ್ತದಲ್ವಾ. ಗೊತ್ತಿಲ್ಲದಂತೆ ಅವರು, ಗೊತ್ತಾಗಬಾರದೆಂದು ನೀವು ನಟಿಸುತ್ತಾ ಎರಡೂ ಕಡೆ ಒಂಟಿಯಾಗುತ್ತೀರಿ. ನನ್ನ ಅಭಿಪ್ರಾಯ ನೇರ: ಅವರು ಎಷ್ಟು ತಿಳಿಯಲು ಬಯಸುತ್ತಾರೋ ಅಷ್ಟು ಹೇಳಬೇಕು. ‘ರಿಪೋರ್ಟ್ ಬಗ್ಗೆ ಪೂರ್ತಿ ಹೇಳಲಾ, ಇಲ್ಲಾ ನಾವೇ ನೋಡಿಕೊಳ್ಳಲಾ ಅಪ್ಪಾಜಿ?’ ಅಂತ ಕೇಳಿದರೆ ಅವರೇ ದಾರಿ ತೋರಿಸುತ್ತಾರೆ. ಜಮೀನಿನ ಕಾಗದ, ಮಗಳ ಮದುವೆ, ಹೋಗಬೇಕೆಂದಿದ್ದ ಯಾತ್ರೆ, ಇವನ್ನೆಲ್ಲ ತೀರ್ಮಾನಿಸುವ ಹಕ್ಕು ಅವರದ್ದು.

ಅಂಕಿಗಳ ಬಗ್ಗೆ ಕೇಳಿದರೆ ಸುಳ್ಳು ಬೇಡ. ಅಮೆರಿಕದ ಲೆಕ್ಕದಲ್ಲಿ ಎಲ್ಲಾ ಹಂತ ಸೇರಿ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 13. ಕಷ್ಟದ ಕಾಯಿಲೆ. ಆದರೆ ಹಂತಕ್ಕೆ ತಕ್ಕಂತೆ ವ್ಯತ್ಯಾಸ ದೊಡ್ಡದು. 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದ ಮೇಲೆ ಫೋಲ್ಫಿರಿನಾಕ್ಸ್ ಪಡೆದವರಲ್ಲಿ ಅರ್ಧದಷ್ಟು ಜನ 54 ತಿಂಗಳು ದಾಟಿದ್ದರು. ಜೆಮ್ಸಿಟಾಬಿನ್ ಪಡೆದವರಲ್ಲಿ ಅದು 35 ತಿಂಗಳು. ನಿಮ್ಮವರ ಹಂತ ಯಾವುದು ಅಂತ ತಿಳಿಯದೆ ಮೊಬೈಲಿನಲ್ಲಿ ಅಂಕಿ ಹುಡುಕಬೇಡಿ.

ಇದು ಅಂಟುರೋಗವಲ್ಲ, ಅವರ ತಟ್ಟೆ-ಲೋಟ ಬೇರೆ ಇಡಬೇಡಿ. ನೋಡಲು ಬರುವ ನೆಂಟರಿಗೆ ಕೆಮ್ಮು-ಶೀತ ಇದ್ದರೆ ಮಾತ್ರ ‘ಆಮೇಲೆ ಬನ್ನಿ’ ಅನ್ನಿ. ಎಲ್ಲಾ ಕೆಲಸ ಒಬ್ಬ ಸೊಸೆಯ ಮೇಲೋ ಹೆಂಡತಿಯ ಮೇಲೋ ಬೀಳುವುದನ್ನು ತಪ್ಪಿಸಿ. ರಾತ್ರಿ ಮಲಗುವ ಸರದಿ ಗಂಡುಮಕ್ಕಳಿಗೂ ಬರಲಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಸ್ತನ, ಅಂಡಾಶಯ ಅಥವಾ ಇದೇ ಕ್ಯಾನ್ಸರ್ ಇದ್ದರೆ ಡಾಕ್ಟರಿಗೆ ಹೇಳಿ. ಕೆಲವರಲ್ಲಿ ಇದು ಬಿಆರ್‌ಸಿಎ ಎಂಬ ಜೀನಿನ ದೋಷದಿಂದ ಬರುತ್ತದೆ, ಗೊತ್ತಾದರೆ ಔಷಧಿಯ ಆಯ್ಕೆಯೂ ಬದಲಾಗಬಹುದು.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾ ಅಂತ ವಿಚಾರಿಸಿ, ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರೊಬ್ಬರಿಗೆ ಶೇ 75. ಆಸ್ಪತ್ರೆಯಲ್ಲಿ ಫಾರ್ಮ್ ತುಂಬಿಸಿ ಸಹಿ ಹಾಕಿಸಿಕೊಳ್ಳಬೇಕು.

ಒಂದು ಹಂತದಲ್ಲಿ ಕೀಮೋ ಉಪಯೋಗಕ್ಕಿಂತ ತೊಂದರೆಯನ್ನೇ ಜಾಸ್ತಿ ಮಾಡಬಹುದು. ಆಗ ಅದನ್ನು ನಿಲ್ಲಿಸುವುದೂ ಚಿಕಿತ್ಸೆಯದೇ ತೀರ್ಮಾನ. ನೋವು, ವಾಂತಿ, ತುರಿಕೆ, ನಿದ್ದೆ, ಭಯ ಇವನ್ನು ನೋಡಿಕೊಳ್ಳುವ ಉಪಶಾಮಕ ಆರೈಕೆ ಆಗಲೂ ಮುಂದುವರಿಯುತ್ತದೆ. ಅಸಲಿಗೆ ಅದನ್ನು ಮೊದಲ ದಿನದಿಂದಲೇ ಕೇಳಬೇಕು. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಆರೈಕೆ ಉಚಿತ. ಊರಲ್ಲೇ ಇರುತ್ತೇನೆ ಅಂತ ರೋಗಿ ಹೇಳಿದರೆ, ಹತ್ತಿರದಲ್ಲಿ ಯಾವ ಡಾಕ್ಟರು ಮಾರ್ಫಿನ್ ಬರೆದುಕೊಡುತ್ತಾರೆ, ಬಾಯಲ್ಲಿ ನುಂಗಲು ಆಗದಿದ್ದರೆ ಬದಲಿಗೆ ಏನು ಕೊಡಬೇಕು, ನಡುರಾತ್ರಿ ಯಾರ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.